ಮುಳ್ಳಿಲ್ಲದ ಮೀನು ಬೇಯಿಸಿದ್ದು

ಹಿಂದೂಪುರದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಮೈಕ್ರೋವೇವ್ ಮಾರುತ್ತಿದ್ದವನು ನಾನು. ಆಗಿನ್ನೂ ಆ ಪೆಟ್ಟಿಗೆ ನಮ್ಮೂರಿಗೆ ಹೊಸದು. ಬಂದವರ ಮುಂದೆ ಒಂದು ಹಪ್ಪಳ ಸುಟ್ಟು, ಒಂದು ಲೋಟ ನೀರು ಕಾಯಿಸಿ, ಇದರಲ್ಲಿ ಆಗದ ಅಡುಗೆಯೇ ಇಲ್ಲವೆಂದು ಕನ್ನಡ, ತೆಲುಗು ಎರಡರಲ್ಲೂ ಭಾಷಣ ಮಾಡುತ್ತಿದ್ದೆ. ಹಪ್ಪಳ, ನೀರು ಬಿಟ್ಟು ಬೇರೇನನ್ನೂ ನಾನು ಅದರಲ್ಲಿ ಮಾಡಿರಲಿಲ್ಲ. ಗೀರು ಬಿದ್ದ ಪೆಟ್ಟಿಗೆಯೊಂದನ್ನು ಮಾಲೀಕರು ದಸರಾಕ್ಕೆ ನನಗೇ ಕೊಟ್ಟಿದ್ದರು. ನನ್ನ ಹೆಂಡತಿ ಸುಜಾತ ಇರುವೆ ಮುತ್ತದಂತೆ ಅದರೊಳಗೆ ಬೆಲ್ಲ ಇಡುತ್ತಿದ್ದಳು.

ಹೀಗಿರುವಾಗ ಸುಜಾತ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕಲ್ಯಾಣದುರ್ಗದಿಂದ ಅವಳ ಅಣ್ಣ ಓಬಳೇಶ ಫೋನ್ ಮಾಡಿ, ಭಾನುವಾರ ಬಂದು ಅವಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದ. ನಿಮ್ಮಿಂದ ಅವಳ ಊಟ ನೋಡಿಕೊಳ್ಳಲು ಆಗುವುದಿಲ್ಲ ಎಂಬುದು ಅವನ ಮಾತಿನ ಸಾರ. ಅವಳಿಲ್ಲದ ಮನೆಯಲ್ಲಿ ಒಂದು ಸಂಜೆ ಕಳೆಯುವುದೂ ನನಗೆ ಕಷ್ಟ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಅಡುಗೆ ಮಾಡಿ ತೋರಿಸುವುದೇ ಸುಲಭ ಎನಿಸಿತು!

ಸುಜಾತಳಿಗೆ ಮೀನೆಂದರೆ ಪ್ರಾಣ. ಆದರೆ ಎಡಗೈಯೊಂದರಲ್ಲೇ ಮುಳ್ಳು ಬಿಡಿಸುವುದು ಹೇಗೆ? ಅದಕ್ಕೇ ಬೆಂಗಳೂರಿಗೆ ಹೋಗಿದ್ದ ಗೆಳೆಯನಿಂದ ಮುಳ್ಳು ತೆಗೆದು ಐಸ್ ಕಟ್ಟಿದ ಸಮುದ್ರದ ಮೀನು ತರಿಸಿ ಫ್ರಿಜ್ಜಿನ ಫ್ರೀಜರಿನಲ್ಲಿಟ್ಟೆ. ಭಾನುವಾರ ಪೊಟ್ಟಣ ಬಿಚ್ಚಿದರೆ ಚಪ್ಪಡಿ ಕಲ್ಲು. ನೀರಲ್ಲಿ ಹಾಕಿ, ಐಸ್ ಬಿಟ್ಟ ಮೇಲೆ ಒಲೆಗಿಡಿ ಎಂದು ಸುಜಾತ ಕೋಣೆಯಿಂದಲೇ ಹೇಳಿದಳು. ಅದು ಹಳೇ ಕಾಲದ ಪದ್ಧತಿಯೆಂದು ವಿನಯಪೂರ್ವಕವಾಗಿ ತಿಳಿಸಿದೆ. ಖಾರ, ಉಪ್ಪು, ಹುಣಸೆ ರಸ ಕಲಸಿ ಹಚ್ಚಿದೆ. ಮಸಾಲೆ ಜಾರಿ ತಟ್ಟೆ ಸೇರಿತು. ಬೆಲ್ಲ ಹೊರಗಿಟ್ಟು, ತಟ್ಟೆಯನ್ನು ಮೈಕ್ರೋವೇವಿನೊಳಗೆ ತಳ್ಳಿದೆ.

ತಟ್ಟೆ ಸ್ಟೀಲಿನದು. ಸ್ಟೀಲ್ ಇಡಬೇಡಿ ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನೇ. ಗುಂಡಿ ಒತ್ತಿದ್ದೇ ತಡ, ಒಳಗೆ ದೀಪಾವಳಿ! ಆರಿಸಿ, ಪಿಂಗಾಣಿ ಬಟ್ಟಲಿಗೆ ಬದಲಾಯಿಸಿದೆ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಿದರೆ ಅಂಚೆಲ್ಲ ಚಪ್ಪಲಿಯ ಅಟ್ಟೆ, ನಡುವೆ ಹಿಮಾಲಯ. ಬಿಗಿಯಾಗಿ ಮುಚ್ಚಳ ಹಾಕಿ ಮತ್ತೆ ಇಟ್ಟೆ. ಡಬ್ ಎಂದಿತು. ಪೆಟ್ಟಿಗೆಯ ಬಾಗಿಲು ತಾನಾಗಿಯೇ ತೆರೆದುಕೊಂಡು ಅರ್ಧ ಮೀನು ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಮುಖಕ್ಕೆ ಹಾರಿತು. ಫ್ಯೂಸ್ ಹೋಗಿ ಕೆಳಗಡೆ ಮನೆ ಓನರ್ ರುದ್ರಮ್ಮನವರ ಟೀವಿಯೂ ನಿಂತಿತು.

ರುದ್ರಮ್ಮನವರು ಶಿವಪೂಜೆಯವರು, ಮೊಟ್ಟೆಯನ್ನೂ ಮುಟ್ಟದವರು. ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಮೇಲೆ ನಿಂತರು.

"ಏನಪ್ಪಾ, ಮೇಲೆ ಏನಾದ್ರೂ ಸತ್ತೋಗದಾ?"

ಸತ್ತಿದ್ದು ನಿಜ, ಆದರೆ ಇಲ್ಲಲ್ಲ, ಸಮುದ್ರದಲ್ಲಿ. ಅದನ್ನು ವಿವರಿಸುವಷ್ಟರಲ್ಲಿ ಅವರ ಹಿಂದೆಯೇ ಓಬಳೇಶ ಚೀಲ ಹಿಡಿದು ಹತ್ತಿ ಬಂದ. ಬಟ್ಟಲಲ್ಲಿ ಉಳಿದಿದ್ದನ್ನೇ ಧೈರ್ಯವಾಗಿ ಅವನ ಮುಂದಿಟ್ಟೆ. ಕಚ್ಚಿದ. ಕರಕ್ ಎಂದಿತು. ಮುಳ್ಳಲ್ಲ, ಐಸು.

"ಪರವಾಲೇದು ಬಾವ," ಪರವಾಗಿಲ್ಲವೆಂದು ತೆಲುಗಿನಲ್ಲೇ ಹೇಳಿ ನೀರು ಕುಡಿದ. "ಸುಜಾತಾ, ಬಟ್ಟೆ ಜೋಡುಸ್ಕೊಮ್ಮ. ಸಾಯಂಕಾಲದ ಬಸ್ಸಿಗೆ ಹೋಗಾನ."

ನಾನು ಗೋಡೆ ಒರೆಸುತ್ತಾ ನಿಂತೆ. ರುದ್ರಮ್ಮನವರು ಮನೆ ಖಾಲಿ ಮಾಡಿ ಎನ್ನುತ್ತಾರೆಂದುಕೊಂಡಿದ್ದೆ. ಅವರು ಕೆಳಗಿಳಿದು ಹೋದರು. ಸ್ವಲ್ಪ ಹೊತ್ತಿಗೆ ಬಿಸಿ ಮುದ್ದೆ, ಅವರೆಕಾಳು ಸಾರು ತಂದು ಹೊಸ್ತಿಲ ಆಚೆಯೇ ಇಟ್ಟು, ಕೈನೋವಿನ ಹುಡುಗಿ ಹಸಿದಿರಬಾರದು ಎಂದರು. ಕಿಟಕಿ ಮಾತ್ರ ತೆಗೆದಿಡಿ ಎಂದು ಸೇರಿಸಿದರು. ಅಂದು ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಕೈತುಂಬ ಮೀನಿತ್ತು.

ಕೈ ತೊಳೆದು ಬಂದು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಸುಜಾತಳ ಬಾಯಿಗಿಟ್ಟೆ. ಅವಳು ನುಂಗಿ, ನನ್ನ ಹುಬ್ಬಿಗೆ ಅಂಟಿದ್ದ ಮೀನಿನ ಚೂರನ್ನು ಎಡಗೈಯಲ್ಲಿ ತೆಗೆದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ನೀನು ಹೋಗಣ್ಣ. ಕೈ ವಾಸಿಯಾದ್ಮೇಲೆ ನಾನೇ ಬತ್ತೀನಿ. ಇವರೊಬ್ರನ್ನೇ ಬಿಟ್ರೆ ಮನೆ ಉಳಿಯಾಕಿಲ್ಲ."

ನನ್ನ ಕಣ್ಣು ತುಂಬಿ ಬಂತು. ಖಾರದಪುಡಿ ಬಿತ್ತು ಎಂದೆ.

ಓಬಳೇಶ ಒಬ್ಬನೇ ಬಸ್ಸು ಹತ್ತಿದ. ಕಲ್ಯಾಣದುರ್ಗದಲ್ಲಿ ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾನಂತೆ: ನಮ್ಮ ತಂಗಿ ಬಲು ಗಟ್ಟಿಗಿತ್ತಿ, ಎರಡೂ ಕೈ ನೆಟ್ಟಗಿರುವ ಗಂಡನನ್ನು ಒಂದೇ ಕೈಯಲ್ಲಿ ಸಾಕಿದಳು ಎಂದು.