ಮಾವನವರ ಆತ್ಮಕತೆ ಸರಿಹೋದದ್ದು

"ಮೇಡಂ, ನೀವಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ!"

ಬೆಳಗ್ಗೆ ಪ್ರೆಸ್ಸಿನೊಳಗೆ ಕಾಲಿಟ್ಟ ಯಜಮಾನರು ಎಲ್ಲರೆದುರಿಗೂ ಹೀಗೆಂದುಬಿಟ್ಟರು. ಹದಿನೆಂಟು ವರ್ಷದಿಂದ ಅಲ್ಲೇ ಡಿಟಿಪಿ ಮಾಡುತ್ತಿದ್ದ ಸೀನಿಯರ್‌ನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಮೇಡಂ ಕೆಲಸಕ್ಕೆ ಸೇರಿ ಎಂಟು ತಿಂಗಳೂ ಆಗಿರಲಿಲ್ಲ. ಯಾರ ಪರದೆಯಲ್ಲಿ ಅಕ್ಷರ ಒಡೆದರೂ ಎಲ್ಲರೂ ಆಕೆಯ ಮೇಜಿಗೇ ಓಡುತ್ತಿದ್ದರು. ಸೀನಿಯರ್‌ನ ಮೇಜಿಗೆ ಬರುತ್ತಿದ್ದದ್ದು ಸ್ಟೇಪ್ಲರ್ ಕೇಳುವವರು ಮಾತ್ರ.

ಆದರೆ ಆಕೆಯೂ 'ಆಗಲ್ಲ' ಅಂದಿದ್ದ ಕೆಲಸ ಒಂದಿತ್ತು. ಯಜಮಾನರ ಮಾವ, ನಿವೃತ್ತ ಹೆಡ್‌ಮಾಸ್ತರರು, ತಮ್ಮ ಆತ್ಮಕತೆಯನ್ನು ಯಾವುದೋ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ಹೊಸ ಸಾಫ್ಟ್‌ವೇರಿನಲ್ಲಿ ತೆರೆದರೆ ಕನ್ನಡದ ಬದಲು ಬಾಲ, ಕೋಡು ಮೂಡಿದ ಇಂಗ್ಲಿಷ್ ಅಕ್ಷರಗಳು ಸಂತೆ ಸೇರಿರುತ್ತಿದ್ದವು. ಆರು ತಿಂಗಳಿಂದ ಅದು ಹಾಗೇ ಬಿದ್ದಿತ್ತು.

ಹನ್ನೊಂದಕ್ಕೆ ಮೇಡಂ ಹಲ್ಲುನೋವೆಂದು ರಜೆ ಹಾಕಿ ಹೊರಟದ್ದೇ ತಡ, ಸೀನಿಯರ್ ಆ ಫೈಲನ್ನು ತನ್ನ ಕಂಪ್ಯೂಟರಿಗೆ ಎಳೆದುಕೊಂಡ. ಫಾಂಟು ಬದಲಿಸುವ ತಂತ್ರಾಂಶಕ್ಕೆ ಹಾಕಿದ. ಅಕ್ಷರಗಳೇನೋ ಕನ್ನಡವಾದವು, ಆದರೆ ಅರ್ಕಾವೊತ್ತುಗಳೆಲ್ಲ ಒಂಬತ್ತರ ಅಂಕಿಯಾಗಿ ಕೂತವು. 'ಸೂರ್ಯ' ಹೋಗಿ 'ಸೂಯ೯' ಆಯಿತು.

"ಇದ್ಯಾವುದ್ರೀ, ಸೂಯ ಒಂಬತ್ತು?" ಪ್ರೂಫ್ ನೋಡುವವರು ಹೆಗಲ ಮೇಲಿಂದ ಇಣುಕಿದರು. "ಮೇಡಂ ಬರ್ಲಿ ಬಿಡಿ."

"ಮೇಡಂ ಯಾಕ್ರೀ ಬರ್ಬೇಕು? ನಾನೇನು ಸತ್ತೋಗಿದೀನಾ?"

"ಎಲ್ಲಾ ಒಂಬತ್ತನ್ನೂ ಒಂದೇ ಏಟಿಗೆ ಅರ್ಕಾವೊತ್ತು ಮಾಡ್ಬಿಡಿ," ಬೈಂಡರ್ ಬುದ್ಧಿ ಹೇಳಿದ.

ಸೀನಿಯರ್ ಗುಂಡಿ ಒತ್ತಿದ. ನಿಜವಾದ ಒಂಬತ್ತುಗಳೂ ಹಾರಿಹೋದವು. ೧೯ನೇ ವಯಸ್ಸಿಗೆ ಮದುವೆಯಾಗಿ ೨೯ಕ್ಕೆ ಮೂರು ಮಕ್ಕಳ ತಂದೆಯಾಗಿದ್ದ ಹೆಡ್‌ಮಾಸ್ತರರು ೧ನೇ ವಯಸ್ಸಿಗೇ ಮದುವೆಯಾಗಿ, ೨ನೇ ವಯಸ್ಸಿಗೆ ಮೂರು ಮಕ್ಕಳ ತಂದೆಯಾದರು.

"ಮೇಡಂಗೆ ಫೋನ್ ಮಾಡ್ಲಾ?" ಪ್ರೂಫಿನವರು ನಗು ತಡೆದುಕೊಂಡು ಕೇಳಿದರು.

ಆ ಮಾತಿಗೆ ಸೀನಿಯರ್ ಊಟವನ್ನೂ ಬಿಟ್ಟ. ನಾನೂರು ಪುಟಗಳಲ್ಲಿ ಹೇನು ಹೆಕ್ಕಿದಂತೆ ಒಂದೊಂದೇ ತಪ್ಪು ಹೆಕ್ಕಿದ. ನಾಲ್ಕು ಗಂಟೆಗೆ ಪುಸ್ತಕ ಕನ್ನಡಿಯಂತಾಯಿತು. ಹೆಸರು ಮೇಡಂಗೆ ಹೋದೀತೆಂಬ ಭಯಕ್ಕೆ ತಾನೇ ಹೆಡ್‌ಮಾಸ್ತರರಿಗೆ ಫೋನ್ ಮಾಡಿದ.

"ಸರ್, ನಿಮ್ಮ ಪುಸ್ತಕ ನಾನು ಸರಿಮಾಡ್ದೆ. ಮೇಡಂ ಕೈಲಿ ಆಗ್ಲೇ ಇಲ್ಲ."

ಅರ್ಧ ಗಂಟೆಯಲ್ಲಿ ಮುದುಕರು ಹಾಜರು. ಪುಟ ತಿರುವಿ, ಸೀನಿಯರ್‌ನನ್ನು ತಬ್ಬಿಕೊಂಡು, ಅಳಿಯನ ಕೋಣೆಗೆ ನುಗ್ಗಿ, ನಗುತ್ತ ಹೊರಟುಹೋದರು. ಒಳಗಿನಿಂದ ಕರೆ ಬಂತು. ಸೀನಿಯರ್ ಕಾಲರ್ ಸರಿಮಾಡಿಕೊಂಡು ಹೋದ.

"ಯಾರ್ರೀ ನಿಮಗೆ ಇದನ್ನ ಸರಿಮಾಡಿ ಅಂದೋರು?" ಯಜಮಾನರ ಮುಖ ಕೆಂಪಗಾಗಿತ್ತು.

"ಮೇಡಂಗೆ ಬರ್ಲಿಲ್ವಲ್ಲ ಅಂತ..."

"ಅವರು ಫೈಲು ಬಂದ ದಿನವೇ ಸರಿಮಾಡಿ ನನಗೆ ತೋರಿಸಿದ್ರು! ಏಳನೇ ಅಧ್ಯಾಯ ಓದಿದ್ರಾ? 'ನನ್ನ ದಡ್ಡ ಅಳಿಯ' ಅಂತ ಮೂವತ್ತು ಪುಟ ಇದೆ. ಅಕ್ಷರ ಒಡೀತಿದೆ ಅಂತ ಮಾವನಿಗೆ ಸುಳ್ಳು ಹೇಳ್ಕೊಂಡು ಆರು ತಿಂಗಳಿಂದ ಮೇಡಂ ನನ್ನ ಮಾನ ಕಾಪಾಡ್ಕೊಂಡು ಬಂದಿದ್ರು!"

"ನಾನು ಅರ್ಕಾವೊತ್ತು ನೋಡ್ದೆ ಸಾರ್, ಅರ್ಥ ನೋಡ್ಲಿಲ್ಲ."

"ನಾಳೆ ಹತ್ತು ಗಂಟೆಗೆ ಮಾವ ಅಚ್ಚಿಗೆ ಕೊಡೋಕೆ ಬರ್ತಾರೆ. ಅಷ್ಟರಲ್ಲಿ ಇದು ಮೊದಲಿನ ಥರಾನೇ ಕೆಟ್ಟಿರ್ಬೇಕು. ಯಾರಿಂದಲೂ ಸರಿಮಾಡೋಕೆ ಆಗಬಾರ್ದು."

ಸೀನಿಯರ್ ತಲೆ ಕೆರೆದುಕೊಂಡ. "ಹಾಗೆ ಕೆಡಿಸೋದು ಹೇಗೆ ಸಾರ್?"

"ನನಗೇನ್ರೀ ಗೊತ್ತು? ಹೋಗಿ, ಮೇಡಂನ ಕೇಳಿ!"