ಫಿಟಿಂಗ್ ಮಾಸ್ಟರ ಗಾಲಿಮಂಚ

“ಇನ್ನು ಎಂಟೇ ದಿನ! ಈ ಕೋಣೇನ ಅರಮನೆ ಮಾಡದಿದ್ರೆ ನನ್ನ ಕತ್ತರೀನ ಸಾಣೆ ಹಿಡಿಯೋನಿಗೆ ದಾನ ಮಾಡ್ತೀನಿ!”

ಫಿಟಿಂಗ್ ಮಾಸ್ಟರು ಹೀಗೆ ಗುಡುಗಿದಾಗ ಅವರ ಹೆಂಡತಿ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಹಲ್ಲಿನಿಂದ ದಾರ ಕಡಿದು, “ಕತ್ತರಿ ಕೊಡಿ, ಅಡ್ಡಿಯಿಲ್ಲ. ಇಸ್ತ್ರಿಪೆಟ್ಟಿಗೆ ಮಾತ್ರ ಇರಲಿ” ಎಂದಳು.

ಅರಮನೆಯಾಗಬೇಕಿದ್ದ ಆ ಕೋಣೆ ಹನ್ನೆರಡಡಿ ಉದ್ದ, ಹತ್ತಡಿ ಅಗಲ. ಹಗಲೆಲ್ಲ ಅದು ಹೊಲಿಗೆ ಅಂಗಡಿ. ಬಾಗಿಲ ಬೋರ್ಡು ತಿರುಗಿಸಿದ ಮೇಲೆ ಅದೇ ಗಂಡಹೆಂಡಿರ ಮನೆ. ಅರ್ಧ ಕೋಣೆಯನ್ನು ಮಾಸ್ಟರ ಹಲಗೆಕಟ್ಟೆಯೇ ನುಂಗಿತ್ತು. ಎರಡಡಿ ಎತ್ತರದ ಆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಅವರು ಗೆರೆ ಎಳೆಯುತ್ತಿದ್ದರು, ಕತ್ತರಿಸುತ್ತಿದ್ದರು, ಊಟ ಮಾಡುತ್ತಿದ್ದರು, ಲೋಕದ ಆಗುಹೋಗುಗಳಿಗೆಲ್ಲ ತೀರ್ಪು ಕೊಡುತ್ತಿದ್ದರು. ಉಳಿದರ್ಧದ ನೆಲದ ಮೇಲೆ ರಾತ್ರಿ ಹಾಸಿಗೆ. ಹದಿನೆಂಟು ವರ್ಷ ಹಾಗೆ ಮಲಗಿದ ಹೆಂಡತಿಯ ಸೊಂಟ ಈ ವರ್ಷ ಮುಷ್ಕರ ಹೂಡಿತ್ತು. “ಇನ್ನು ಮಂಚದ ಮೇಲೇ ಮಲಗಬೇಕು” ಎಂದು ವೈದ್ಯೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮಂಚಕ್ಕೆ ಜಾಗವೆಲ್ಲಿ? ಮಂಚ ಒಳಗಿಟ್ಟರೆ ಗಿರಾಕಿ ಬೀದಿಯಲ್ಲಿ ನಿಲ್ಲಬೇಕು. ಗಿರಾಕಿಯನ್ನು ಒಳಗೆ ಕರೆದರೆ ಮಂಚ ಬೀದಿಯಲ್ಲಿ ನಿಲ್ಲಬೇಕು!

ಆಗಲೇ ಗಿರಾಕಿಯೊಬ್ಬಳು ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅಂಗೈಯಗಲದ ಮನೆ. ಕಪಾಟು ಮಡಚಿದರೆ ಮೇಜು, ಬೆಂಚು ತೆರೆದರೆ ಪೆಟ್ಟಿಗೆ, ಮೇಜಿನ ಖಾನೆ ಎಳೆದ ಹಾಗೆ ಎಳೆದರೆ ಗಾಲಿಗಳ ಮೇಲೆ ಮಂಚ! ಮಾಸ್ಟರು ಅದನ್ನು ಏಳು ಸಲ ನೋಡಿದರು. ಎಂಟನೆಯ ಸಲ ಕೇಳುವಷ್ಟರಲ್ಲಿ ಆಕೆ ಮೊಬೈಲು ಕಸಿದುಕೊಂಡು ಹೋದಳು. ಅಷ್ಟು ಸಾಕಾಗಿತ್ತು. ಕಟ್ಟೆಯ ಕೆಳಗೆ ಎರಡಡಿ ಜಾಗ ಹದಿನೆಂಟು ವರ್ಷದಿಂದ ಸುಮ್ಮನೆ ಬಿದ್ದಿದೆಯಲ್ಲ!

ಬಡಗಿ ಬಂದ. ಮಾಸ್ಟರು ತಮ್ಮದೇ ಟೇಪಿನಿಂದ ಅಳೆದು, ಸೀಮೆಸುಣ್ಣದಿಂದ ಗೆರೆ ಎಳೆದು, ಅಳತೆ ಬರೆದ ಚೀಟಿ ಕೊಟ್ಟರು. ಬಡಗಿ ಚೀಟಿ ನೋಡಿ ಕಿವಿ ಕೆರೆದುಕೊಂಡ.

“ಮಾಸ್ಟರೇ, ಮಂಚದ ಸುತ್ತ ಎದ್ದಿರೋ ಅಂಚಿಗೂ ಕಟ್ಟೆಯ ಹಲಗೆಗೂ ನಡುವೆ ಸಂದೇ ಇಲ್ವಲ್ಲ?”

“ಇದೆಯಲ್ಲ! ಒಂದೆಳೆ ನೂಲಿನಷ್ಟು.”

“ಎರಡು ಬೆರಳಾದ್ರೂ ಬಿಡಿ. ಮರಕ್ಕೂ ಉಸಿರಾಡೋಕೆ ಜಾಗ ಬೇಕು.”

“ಉಸಿರಾಡೋ ಮಂಚ ನನಗೆ ಬೇಡಪ್ಪಾ! ನನ್ನ ಹೆಸರೇನು? ಫಿಟಿಂಗ್ ಮಾಸ್ಟರ್! ಈ ಅಂಗಡಿಯಿಂದ ಇವತ್ತಿನವರೆಗೆ ಸಡಿಲವಾದ ಒಂದು ಚಡ್ಡಿಯ ಲಾಡೀನೂ ಹೊರಗೆ ಹೋಗಿಲ್ಲ. ನನ್ನ ಅಂಗಿ ತೊಟ್ಟೋನು ಅದು ತನ್ನ ಚರ್ಮ ಅಂತ್ಲೇ ತಿಳ್ಕೋತಾನೆ!”

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸೂಜಿಗೆ ದಾರ ಪೋಣಿಸತೊಡಗಿದಳು.

ಏಳನೆಯ ದಿನ ಸಂಜೆ ಮಂಚ ಬಂತು. ಮಾಸ್ಟರು ಬಡಗಿಯ ಅಂಗಡಿಗೇ ಹೋಗಿ ಮಧ್ಯಾಹ್ನವೆಲ್ಲ ಅವನ ತಲೆ ತಿಂದು ಅದನ್ನು ಹೊರಡಿಸಿಕೊಂಡು ಬಂದಿದ್ದರು. ನಾಲ್ಕು ಗಾಲಿ, ಮುಂದೊಂದು ಹಿಡಿ. ತಳ್ಳಿದರೆ ಕಟ್ಟೆಯ ಕೆಳಗೆ ಸೊಯ್ಯನೆ ಮಾಯ, ಎಳೆದರೆ ಸೊಯ್ಯನೆ ಪ್ರತ್ಯಕ್ಷ! ಹೆಂಡತಿ ಅಂದು ಮಂಚದ ಮೇಲೆ ಮೈ ಚಾಚಿದಳು.

“ಹೇಗಿದೆ?”

ಮಾಸ್ಟರು ಇನ್ನಷ್ಟು ಹತ್ತಿರ ಬಗ್ಗಿದರು.

“ಹೇಗಿದೆ ಅಂದೆ?”

ಆಕೆ ಆಗಲೇ ನಿದ್ದೆಹೋಗಿದ್ದಳು. ಮಾಸ್ಟರು ಆ ನಿದ್ದೆಯನ್ನೇ ಪದಕವೆಂದು ಎದೆಗೆ ಚುಚ್ಚಿಕೊಂಡು ತಾವೂ ಮಲಗಿದರು.

ಮಾರನೆಯ ದಿನ ಒಂದು ಕೋಟು ಮುಗಿಯಬೇಕಿತ್ತು. ಬಸ್ ಡ್ರೈವರನ ಕೋಟು. ಆತ ಮೂವತ್ತು ವರ್ಷ ಕೆಲಸದ ಸಮವಸ್ತ್ರ ಬಿಟ್ಟು ಬೇರೊಂದು ಒಳ್ಳೆಯ ಬಟ್ಟೆ ತೊಟ್ಟವನಲ್ಲ. ಆ ಸಂಜೆ ಐದಕ್ಕೆ ಅವನ ಒಬ್ಬಳೇ ಮಗಳ ಮದುವೆ. “ಅಪ್ಪಾ, ನೀನು ಕೋಟು ಹಾಕ್ಕೊಂಡೇ ನನ್ನ ಪಕ್ಕ ನಡೆದು ಬರಬೇಕು” ಎಂದು ಆಕೆ ಹಟ ಹಿಡಿದಿದ್ದಳಂತೆ. ಅಳತೆ ಕೊಡುವಾಗ ಅಷ್ಟೆತ್ತರದ ಮನುಷ್ಯ ತಲೆ ತಗ್ಗಿಸಿ ಕೇಳಿದ್ದ: “ನಾನು ಕೋಟು ಹಾಕಿದ್ರೆ ಜನ ನಗಲ್ವಾ ಮಾಸ್ಟರೇ?” ಮಾಸ್ಟರು ಅವನ ಭುಜದ ಮೇಲೆ ಟೇಪಿಟ್ಟು, “ನಕ್ಕವರ ಅಳತೆ ನಾನು ತಗೋತೀನಿ!” ಎಂದು ಮಾತು ಕೊಟ್ಟಿದ್ದರು.

ಕೋಟು ಬೆಳಗ್ಗೆಯೇ ಮುಗಿಯಿತು. ಆದರೆ ತೂಗುಹಾಕುವುದೆಲ್ಲಿ? ಅರಮನೆಯ ಭರದಲ್ಲಿ ಬಟ್ಟೆ ತೂಗುಹಾಕುವ ಸರಳನ್ನು ಮಾಸ್ಟರು ಕಿತ್ತು ಬಿಸಾಕಿದ್ದರು; ಅಲ್ಲೀಗ ಮಡಚುವ ಮೇಜು. ಕೋಟು ಸುಕ್ಕಾಗಬಾರದೆಂದು ಮಂಚದ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಮಗುವನ್ನು ಮಲಗಿಸಿದಂತೆ ಮಲಗಿಸಿ, ಮಂಚವನ್ನು ಒಳಗೆ ತಳ್ಳಿದರು. ಕಟ್ಟೆ ಹತ್ತಿ ಕೂತು ಬೇರೆ ಕೆಲಸ ಹಿಡಿದರು.

ಮೂರು ಗಂಟೆಗೆ, “ಇವಳೇ, ಮಂಚ ಎಳಿ. ಕೋಟಿಗೆ ಕೊನೇ ಇಸ್ತ್ರಿ ಕೊಟ್ಟುಬಿಡೋಣ” ಎಂದರು.

ಹೆಂಡತಿ ಎಳೆದಳು. ಮಂಚ ಬರಲಿಲ್ಲ. ಮತ್ತೆ ಎಳೆದಳು. ಹಿಡಿ ಬಂತು! ಹಿಡಿ ಮಾತ್ರ!

“ಮೆಲ್ಲಗೆ ಎಳೀಬಾರ್ದಾ?” ಮಾಸ್ಟರು ಕಟ್ಟೆಯ ಮೇಲಿನಿಂದಲೇ ಕೂಗಿದರು.

“ಮೆಲ್ಲಗೇ ಎಳೆದೆ. ನಿಮ್ಮ ಫಿಟಿಂಗು ಜೋರಾಗಿದೆ!”

ಮಾಸ್ಟರು ಬಗ್ಗಿ ನೋಡಿದರು. ಮಂಚದ ಅಂಚು ಕಟ್ಟೆಗೆ ಕಚ್ಚಿಕೊಂಡಿತ್ತು. ಒಂದೆಳೆ ನೂಲಿನ ಸಂದು ಎಲ್ಲಿ ಹೋಯಿತೋ! ಆದರೆ ಇಪ್ಪತ್ತೈದು ವರ್ಷ ಹೊಲಿದ ಕೈ ಸೋಲೊಪ್ಪುತ್ತದೆಯೇ?

“ಸಿಕ್ಕಿಬಿದ್ದ ಹೊಲಿಗೆ ಬಿಚ್ಚೋವಾಗ ಏನು ಮಾಡ್ತೀವಿ? ಒಂದು ಕೈಲಿ ಬಟ್ಟೇನ ಒತ್ತಿ ಹಿಡೀತೀವಿ, ಇನ್ನೊಂದು ಕೈಲಿ ದಾರ ಎಳೀತೀವಿ. ಇದೂ ಅಷ್ಟೇ. ಕಟ್ಟೇನ ಅಲುಗದ ಹಾಗೆ ಒತ್ತಿ ಹಿಡೀಬೇಕು. ಬಾ, ಹತ್ತು ಮೇಲೆ!”

ಹೆಂಡತಿ ಕಟ್ಟೆ ಹತ್ತಿ ಕೂತಳು. ಮಾಸ್ಟರು ಇಳಿದು, ಮಂಚಕ್ಕೆ ಕ್ಯಾನ್ವಾಸ್ ಪಟ್ಟಿ ಬಿಗಿದು, ಅದನ್ನು ಸೊಂಟಕ್ಕೆ ಸುತ್ತಿಕೊಂಡು ಎಳೆದರು. ಮಂಚ ಮಿಸುಕಲಿಲ್ಲ.

“ನಿನ್ನ ತೂಕ ಸಾಲದು” ಎಂದರು ಏದುಸಿರು ಬಿಡುತ್ತ.

“ಮದುವೆಯಾದ ಮೇಲೆ ಮೊದಲ್ನೇ ಸಲ ಕೇಳ್ತಿದ್ದೀನಿ ಈ ಮಾತು! ಇನ್ನೊಂದ್ಸಲ ಹೇಳಿ.”

ಮಾಸ್ಟರಿಗೆ ಹೇಳಲು ಪುರುಸೊತ್ತಿರಲಿಲ್ಲ. ಪಕ್ಕದ ಕ್ಷೌರದಂಗಡಿಗೆ ಓಡಿದರು. ಕ್ಷೌರಿಕ ಬಂದ, ಅವನ ಹಿಂದೆಯೇ, ಒಂದು ಕೆನ್ನೆ ನುಣುಪಾಗಿ ಇನ್ನೊಂದು ಕೆನ್ನೆಯಲ್ಲಿ ಸೋಪಿನ ನೊರೆ ಹೊತ್ತಿದ್ದ ಎದುರು ಬೇಕರಿಯವನೂ ಬಂದ. ಬೇಕರಿಯವನೆಂದರೆ ತಾನೇ ಮಾಡಿದ್ದನ್ನು ತಾನೇ ಮೊದಲು ತಿಂದು ನೋಡುವ ಪ್ರಾಮಾಣಿಕ. ಮಾಸ್ಟರು ಅವನ ಅಂಗಿಗೆ ಎರಡು ಟೇಪು ಗಂಟು ಹಾಕಿ ಅಳೆಯುತ್ತಿದ್ದರು!

“ಆಹಾ, ದೇವರು ಕಳಿಸಿದ ಹಾಗೆ ಬಂದ್ರಿ! ಹತ್ತಿ ಕೂತ್ಕೊಳ್ಳಿ, ಕಟ್ಟೆ ನಡುವೆ!”

ಬೇಕರಿಯವನು ಕೂತ. ಕಟ್ಟೆ ‘ಕುಂಯ್’ ಎಂದಿತು. ಮಾಸ್ಟರೂ ಕ್ಷೌರಿಕನೂ ಸೇರಿ ಎಳೆದರು. ಮಂಚ ಈಗ ಬೇರು ಬಿಟ್ಟಂತೆ ಕೂತಿತ್ತು.

“ಬೆಣ್ಣೆ ಸವರಿದ್ರೆ ಜಾರುತ್ತೆ” ಎಂದ ಬೇಕರಿಯವನು.

“ಕೋಟಿಗೆ ಬೆಣ್ಣೆ ಹತ್ತಿದ್ರೆ ನಾನು ಊರು ಬಿಡ್ಬೇಕಾಗುತ್ತೆ!”

“ಹಾಗಾದ್ರೆ ಸೋಪು” ಎಂದು ಕ್ಷೌರಿಕ ತನ್ನ ಬಟ್ಟಲು ತಂದು, ಗಾಲಿಗಳಿಗೂ ಮುಂದಿನ ನೆಲಕ್ಕೂ ಬ್ರಷ್ಷಿನಿಂದ ದಪ್ಪಗೆ ನೊರೆ ಬಳಿದ. ಮತ್ತೆ ಎಳೆದರು. ಮಂಚ ಜಾರಲಿಲ್ಲ, ಮಾಸ್ಟರು ಜಾರಿದರು.

“ಮೇಲೆ ಭಾರ ಇನ್ನೂ ಕಡಿಮೆ! ನೀನೂ ಹತ್ತು!” ಎಂದು ಕ್ಷೌರಿಕನನ್ನೂ ಕಟ್ಟೆಗೇರಿಸಿದರು. ಕಟ್ಟೆಯ ಮೇಲೀಗ ಮೂವರು ಸಾಲಾಗಿ ಕೂತಿದ್ದರು. ಮಾಸ್ಟರ ಹೆಂಡತಿ ಕಣ್ಣು ಮುಚ್ಚಿ ಮೆಲ್ಲಗೆ ತುಟಿ ಅಲುಗಿಸುತ್ತಿದ್ದಳು.

“ಏನು ಗೊಣಗ್ತಿದ್ದೀಯ?”

“ನಿಮಗಲ್ಲ, ದೇವರಿಗೆ. ಮಂಚ ಹೋದ್ರೆ ಹೋಗ್ಲಿ, ಆ ತಂದೆಯ ಕೋಟು ಕೈಗೆ ಕೊಡಿಸಪ್ಪಾ ಅಂತ.”

ನಾಲ್ಕು ಹೊಡೆಯಿತು. ಬಾಗಿಲಲ್ಲಿ ಡ್ರೈವರು!

ಹೊಸ ಷೂ, ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ. ಅವನ ಕೈಗಳಿಗೆ ಮಾತ್ರ ಎಲ್ಲಿರಬೇಕೆಂದು ತಿಳಿಯುತ್ತಿರಲಿಲ್ಲ. ಸ್ಟೇರಿಂಗ್ ಇಲ್ಲದೆ ಅನಾಥವಾಗಿದ್ದವು.

“ಆಯ್ತಾ ಮಾಸ್ಟರೇ? ಮಗಳು ಮೂರು ಸಲ ಫೋನು ಮಾಡಿದ್ಲು.”

“ಆಯ್ತು, ಆಗೇ ಹೋಯ್ತು! ಕೊನೇ ಗುಂಡಿ ಒಂದು… ಕೂತ್ಕೊಳ್ಳಿ” ಎಂದುಬಿಟ್ಟರು ಮಾಸ್ಟರು. ಕೂರಲು ಕುರ್ಚಿಯೆಲ್ಲಿ? ಅದೂ ಮಡಚಿ ಗೋಡೆಗೆ ಒರಗಿತ್ತು. ಡ್ರೈವರು ಸುತ್ತ ನೋಡಿ, ಕಟ್ಟೆಯ ಮೇಲಿದ್ದ ಮೂವರಿಗೂ ನಮಸ್ಕರಿಸಿ, ನಾಲ್ಕನೆಯವನಾಗಿ ಕೂತ. ಕಟ್ಟೆ ಮತ್ತೊಮ್ಮೆ ‘ಕುಂಯ್’ ಎಂದಿತು.

ಡ್ರೈವರು ಬೇಕರಿಯವನ ನೊರೆಗೆನ್ನೆ ನೋಡಿದ. ಮಾಸ್ಟರ ಸೊಂಟದ ಪಟ್ಟಿ ನೋಡಿದ. ಪಟ್ಟಿಯ ಜಾಡು ಹಿಡಿದು ತನ್ನದೇ ಕಾಲ ಕೆಳಗೆ ನೋಡಿದ.

“ಮಾಸ್ಟರೇ, ನನ್ನ ಕೋಟು ಎಲ್ಲಿದೆ?”

ಮಾಸ್ಟರ ಬಾಯಲ್ಲಿ ಇನ್ನೊಂದು ಸುಳ್ಳು ಸಿದ್ಧವಾಗಿತ್ತು. ಆದರೆ ಆ ಮನುಷ್ಯನ ಮುಖ ಕಂಡು ಅದು ಗಂಟಲಲ್ಲೇ ಕರಗಿತು.

“ತಪ್ಪಾಯ್ತಪ್ಪಾ. ನಿಮ್ಮ ಕೋಟು ಮಂಚದ ಮೇಲಿದೆ, ಮಂಚ ನಿಮ್ಮ ಕೆಳಗಿದೆ. ನಾನು ಸಂದು ಬಿಡದೆ ಮಾಡಿಸಿದೆ, ಸಿಕ್ಕಿಹಾಕ್ಕೊಂಡಿದೆ. ಎಲ್ಲಾ ನನ್ನ ಸೊಕ್ಕಿನಿಂದ. ಗರಗಸ ತರಿಸ್ತೀನಿ, ಕಟ್ಟೆ ಕೊಯ್ದಾದ್ರೂ…”

ಡ್ರೈವರು ಕೈ ಎತ್ತಿ ತಡೆದ. ಕೂತಲ್ಲಿಂದಲೇ ಅತ್ತಿತ್ತ ನೋಡಿ, ಕೂತವರ ತಲೆ ಎಣಿಸಿದ. ಮೂವತ್ತು ವರ್ಷದ ಅಭ್ಯಾಸ.

“ಮಾಸ್ಟರೇ, ಬಸ್ಸು ಕೆಸರಲ್ಲಿ ಹೂತಾಗ ನಾನು ಮೊದಲು ಏನು ಮಾಡ್ತೀನಿ ಗೊತ್ತಾ?”

“ಏನು?”

“ಪ್ಯಾಸೆಂಜರ್ನೆಲ್ಲ ಕೆಳಗಿಳಿಸ್ತೀನಿ.” ಎದ್ದು ನಿಂತು, ಬಸ್ಸಿನಲ್ಲಿ ಕೂಗುವ ದನಿಯಲ್ಲೇ ಕೂಗಿದ: “ಎಲ್ರೂ ಇಳೀರಿ! ಬೇಗ ಬೇಗ! ಹಿಂದಿನವರಿಗೆ ದಾರಿ ಬಿಡಿ!”

ಕ್ಷೌರಿಕ ಹಾರಿದ. ಮಾಸ್ಟರ ಹೆಂಡತಿ ಇಳಿದಳು. ಕೊನೆಗೆ ಬೇಕರಿಯವನು ಇಳಿದ. ಅಷ್ಟು ಹೊತ್ತು ಬಿಲ್ಲಿನಂತೆ ಬಾಗಿದ್ದ ಹಲಗೆ ‘ಅಬ್ಬಾ’ ಎನ್ನುವ ಹಾಗೆ ಮೇಲೆದ್ದಿತು. ಮಾಸ್ಟರು ಅಷ್ಟರಲ್ಲಿ, ಒಂದು ಗಂಟೆಯಿಂದ ಎಳೆದ ಅದೇ ಆವೇಶದಲ್ಲಿ, ಕೊನೆಯ ಸಲವೆಂದು ಇನ್ನೊಮ್ಮೆ ಎಳೆದರು.

ಸೋಪು ಹಚ್ಚಿದ ಗಾಲಿಗಳು! ಮಂಚ ಹೊರಗೆ ಬಂತೆನ್ನುವುದು ಕಡಿಮೆಯಾಯಿತು; ನುಗ್ಗಿತು! ಮಾಸ್ಟರ ಮೊಣಕಾಲಿಗೆ ಬಡಿದು, ಅವರನ್ನು ತನ್ನ ಮೇಲೇ ಕೂರಿಸಿಕೊಂಡು, ಬಾಗಿಲು ದಾಟಿ, ಪಾದಚಾರಿ ಹಾದಿಯಲ್ಲಿ ಹತ್ತು ಹೆಜ್ಜೆ ಸಾಗಿ ದೀಪದ ಕಂಬಕ್ಕೆ ಒರಗಿ ನಿಂತಿತು. ಮಾಸ್ಟರು ಎರಡೂ ಕೈಯಲ್ಲಿ ಕೋಟನ್ನು ತಲೆಯ ಮೇಲೆತ್ತಿ ಹಿಡಿದಿದ್ದರು. ಒಂದು ಸುಕ್ಕಿಲ್ಲ, ಒಂದು ಹನಿ ನೊರೆಯಿಲ್ಲ!

ದೀಪದ ಕಂಬದ ಕೆಳಗೇ ಡ್ರೈವರು ಕೋಟು ತೊಟ್ಟ. ಕನ್ನಡಿಯಿರಲಿಲ್ಲ, ಸುತ್ತ ನಿಂತವರ ಮುಖಗಳನ್ನೇ ನೋಡಿಕೊಂಡ. ಯಾರೂ ನಗಲಿಲ್ಲ. ಬೇಕರಿಯವನಂತೂ ನೊರೆಗೆನ್ನೆಯಲ್ಲೇ ಕಣ್ಣೊರೆಸಿಕೊಂಡ. ಡ್ರೈವರು ಎರಡು ಕೈ ಚಾಚಿ, ಕಾಣದ ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಿದ.

“ಎಲ್ಲೂ ಹಿಡಿಯೋದಿಲ್ಲ ಮಾಸ್ಟರೇ! ಈ ಕೋಟು ಹಾಕ್ಕೊಂಡು ಬಸ್ಸೂ ಓಡಿಸ್ಬಹುದು!”

ಅವನು ಹೋದದ್ದನ್ನು ಬೀದಿಯ ತಿರುವಿನವರೆಗೂ ಎಲ್ಲರೂ ನೋಡಿದರು. ತಲೆ ತಗ್ಗಿಸದೆ ನಡೆಯುತ್ತಿದ್ದ. ಮಾಸ್ಟರ ಹೆಂಡತಿ ಮೇಲೆ ನೋಡಿ ಕೈ ಮುಗಿದಳು. ಮಾಸ್ಟರಿಗೂ ಎದೆಯ ಮೇಲಿದ್ದ ಬೇಕರಿಯವನು ಎದ್ದುಹೋದಷ್ಟು ಹಗುರವಾಯಿತು.

ಮಂಚವನ್ನು ಒಳಗೆ ತಳ್ಳಿಕೊಂಡು ಬಂದ ಮೇಲೆ, ಸೋಪಿನ ನೆಲ ಒರೆಸುತ್ತ ಮಾಸ್ಟರು ಗಂಭೀರವಾದರು.

“ನಾಳೆ ಬಡಗಿಗೆ ಹೇಳಿ ಮಂಚದ ಅಂಚನ್ನ ಎರಡು ಬೆರಳು ಕೊಯ್ಸಿಬಿಡ್ತೀನಿ. ಮರದಲ್ಲಿ ಸೋತೆ, ಒಪ್ಕೋತೀನಿ. ಆದ್ರೆ ಬಟ್ಟೇಲಿ ನೋಡು! ಚರ್ಮದಂಥ ಫಿಟಿಂಗ್ ಕೊಟ್ಟೆ. ಆದ್ರೂ ಅವನಿಗೆ ಎಲ್ಲೂ ಹಿಡೀಲಿಲ್ಲ!”

ಹೆಂಡತಿ ಒರೆಸುವ ಬಟ್ಟೆ ಹಿಂಡಿದಳು. “ಎಲ್ಲಿಂದ ಹಿಡಿಯುತ್ತೆ? ನಿನ್ನೆ ನೀವು ಬಡಗಿ ಹತ್ರ ಹೋದಾಗ ಎರಡೂ ಬದಿ ಹೊಲಿಗೆ ಬಿಚ್ಚಿ ಒಂದೊಂದು ಬೆರಳು ಸಡಿಲ ಮಾಡಿದೆ.”

“ಏನಂದೆ?”

“ಉಸಿರಾಡ್ಬೇಕಲ್ಲ ಪಾಪ.”

ಮಾಸ್ಟರು ನೆಲದ ಮೇಲೇ ಕೂತರು. “ಇದೊಂದೇ ಕೋಟಾ?”

“ಗುಂಡಿ ಹಚ್ಚೋಕೆ ಅಂತ ನನ್ನ ಕೈಗೆ ಬಂದಿದ್ದೆಲ್ಲಾನೂ. ಹದಿನೆಂಟು ವರ್ಷದಿಂದ.”

ಊರೆಲ್ಲ ಹೊಗಳಿದ ಅಂಗಿಗಳು, ಪ್ಯಾಂಟುಗಳು, ಕೋಟುಗಳು ಕಣ್ಣ ಮುಂದೆ ಸಾಲಾಗಿ, ಒಂದೊಂದು ಬೆರಳು ಸಡಿಲವಾಗಿ, ನಗುತ್ತ ನಡೆದುಹೋದವು. ಕೊನೆಗೆ ಮಾಸ್ಟರು ತಮ್ಮ ಮೈಮೇಲಿನ ಅಂಗಿಯನ್ನು ತಡವಿಕೊಂಡರು. ಮುಖಕ್ಕೆ ಸ್ವಲ್ಪ ಕಳೆ ಬಂತು.

“ಹೋಗ್ಲಿ ಬಿಡು. ನನ್ನ ಅಂಗಿ ನೋಡು, ನನಗೆ ನಾನೇ ಹೊಲ್ಕೊಂಡಿದ್ದು. ಎಷ್ಟು ವರ್ಷ ಆಯ್ತು, ಇವತ್ತಿಗೂ ಮೈಗೆ ಸರಿಯಾಗಿ ಕೂತಿದೆ. ನನ್ನ ಅಳತೆ ಮಾತ್ರ ಒಂದಿಂಚೂ ಬದಲಾಗಿಲ್ಲ!”

ಹೆಂಡತಿ ಗಂಡನ ಹೊಟ್ಟೆಯ ಕಡೆ ಬಹಳ ಪ್ರೀತಿಯಿಂದ ನೋಡಿದಳು.

“ಅದನ್ನೇ ಹೇಳ್ಬೇಕು ಅಂತಿದ್ದೆ ರೀ. ನಿಮ್ಮದನ್ನ ವರ್ಷವರ್ಷವೂ ಬಿಚ್ತಾ ಬಂದಿದ್ದೀನಿ. ಇನ್ನು ಹೊಲಿಗೆಯೊಳಗೆ ಬಟ್ಟೆ ಉಳಿದಿಲ್ಲ.”