ಅವ್ವನ ಪಾಲಿನ ಕೋಳಿಗಳು

ನಮ್ಮ ದೊಡ್ಡವ್ವ ಕೋಳಿಗೆ ಔಷಧ ಹಾಕುವ ಮುಂಚೆ ತಾನು ಕುಡಿದು ನೋಡುವವಳು. ನಗಬೇಡಿ, ನಿಜ! ಬೆಳ್ಳುಳ್ಳಿ, ಅಜವಾನ, ಅರಿಶಿನ ಹಾಕಿ ಕುದಿಸಿದ ಕಷಾಯವನ್ನು ಒಂದು ಬಟ್ಟಲು ತಾನು ಕುಡಿದು, ಅರ್ಧ ತಾಸು ಕಟ್ಟೆಯ ಮೇಲೆ ಕೂತು, ತನಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೋಳಿಯ ಬಾಯಿಗೆ ಎರಡು ಹನಿ. "ಬಾಯಿಲ್ಲದ ಜೀವಕ್ಕ ನಾವು ಕುಡೀಲಾರದ್ದು ಕುಡಿಸಬಾರ್ದು" ಎನ್ನುವುದು ಅವಳ ನ್ಯಾಯ. ಓಣಿಗೆ ಓಣಿಯನ್ನೇ ಎಬ್ಬಿಸುವ ಹುಂಜವನ್ನು ಬಾಯಿಲ್ಲದ ಜೀವ ಎನ್ನಲು ಎಷ್ಟು ಧೈರ್ಯ ಬೇಕು, ನೀವೇ ಹೇಳಿ!

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳಿರುವುದು ನರೇಗಲ್ಲಿನಲ್ಲಿ, ಅವ್ವ ಮತ್ತು ನಾನು ಗಜೇಂದ್ರಗಡದಲ್ಲಿ. ನಾನು ನರೇಗಲ್ಲಿನ ಒಂದು ಶಾಲೆಯಲ್ಲಿ ಗುಮಾಸ್ತ. ದಿನಾ ಬಸ್ಸಿಗೆ ಹೋಗಿ ಬರುತ್ತೇನೆ, ಮಧ್ಯಾಹ್ನದ ಊಟ ದೊಡ್ಡವ್ವನ ಮನೆಯಲ್ಲಿ. ಅಕ್ಕ-ತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಕಾರಣ ಒಂದು ಸೀರೆ. ನಮ್ಮ ಕಡೆ ಮದುವೆಯಲ್ಲಿ ಆಯೇರಿ, ಅಂದರೆ ಉಡುಗೊರೆಯಾಗಿ ಬಂದ ಸೀರೆ ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಈ ಟ್ರಂಕಿನಿಂದ ಆ ಟ್ರಂಕಿಗೆ, ಈ ಮದುವೆಯಿಂದ ಆ ಮದುವೆಗೆ ಊರೂರು ತಿರುಗುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆದರೆ ದೊಡ್ಡವ್ವ ಹತ್ತು ಅಂಗಡಿ ಹತ್ತಿಳಿದು ಅವ್ವನಿಗೆಂದೇ ಆರಿಸಿ ಕೊಟ್ಟಿದ್ದ ಕೆಂಪು ದಡಿಯ ಸೀರೆಯನ್ನು ಅವ್ವ ಮರೆತು, ದೊಡ್ಡವ್ವನ ಮಗಳ ಮದುವೆಯಲ್ಲಿ ದೊಡ್ಡವ್ವನಿಗೇ ಆಯೇರಿ ಮಾಡಿಬಿಟ್ಟಳು! ಮಂದಿಯ ಮುಂದೆ ಮಡಿಕೆ ಬಿಚ್ಚಿ ನೋಡಿದ ದೊಡ್ಡವ್ವ ಅಂದದ್ದು ಇಷ್ಟೇ: "ನನ್ನ ಸೀರಿ ನನಗ ತಿರುಗಿ ಬಂತು. ಇನ್ನ ನಮ್ಮಿಬ್ಬರ ನಡು ಕೊಡೂದು ತೊಗೊಳ್ಳೂದು ಮುಗೀತು."

ಮುಗಿಯಲಿಲ್ಲ. ನಡುವೆ ಒಂದು ಕೋಳಿ ಇತ್ತು.

ನಮ್ಮ ಕಡೆ ಕೋಳಿಯನ್ನು ಪಾಲಿಗೆ ಕೊಡುತ್ತಾರೆ. ಹ್ಯಾಂಟಿ, ಅಂದರೆ ಹೆಣ್ಣು ಕೋಳಿ ಒಬ್ಬರದು, ಸಾಕುವ ಹಿತ್ತಲು ಇನ್ನೊಬ್ಬರದು, ಹುಟ್ಟಿದ ಮರಿ ಅರ್ಧರ್ಧ. ಹಿತ್ತಲಿಲ್ಲದ ಅವ್ವ ಜಗಳಕ್ಕೆ ಮುಂಚೆ ಅಕ್ಕನಿಗೆ ಒಂದು ಹ್ಯಾಂಟಿಯನ್ನು ಪಾಲಿಗೆ ಕೊಟ್ಟಿದ್ದಳು. ಜಗಳವಾದ ಮೇಲೂ ದೊಡ್ಡವ್ವ ಪ್ರತಿ ಸಲ ಮರಿ ಎದ್ದಾಗ ಅರ್ಧ ಎಣಿಸಿ, ಆ ತಿರುಗಿ ಬಂದ ಸೀರೆಯ ಕೆಂಪು ದಡಿ ಹರಿದು, ಅವ್ವನ ಪಾಲಿನವುಗಳ ಕಾಲಿಗೆ ಚಿಂದಿ ಕಟ್ಟುತ್ತಿದ್ದಳು. "ಮಾತ ಬಿಟ್ಟೀನಿ, ಪಾಲ ಬಿಟ್ಟಿಲ್ಲ." ತನ್ನ ಪಾಲಿನ ಕೋಳಿಯನ್ನು ಮಾರುವಳು, ಅಡುಗೆಯನ್ನೂ ಮಾಡುವಳು. ಚಿಂದಿ ಕಟ್ಟಿದ್ದನ್ನು ಮುಟ್ಟಬೇಕೆಂದರೆ ತಂಗಿಯನ್ನು ಕೇಳಬೇಕು, ಕೇಳಬೇಕೆಂದರೆ ಮಾತಾಡಬೇಕು! ಹೀಗಾಗಿ ಅವ್ವನ ಪಾಲಿನ ಮುದಿ ಕೋಳಿಗಳು ಮೊಟ್ಟೆ ಇಡುವುದನ್ನೂ ನಿಲ್ಲಿಸಿ, ಪಿಂಚಣಿ ಬರುವ ಹಿರಿಯರಂತೆ ಹಿತ್ತಲ ನೆರಳಲ್ಲಿ ಆರಾಮಾಗಿ ಕೂತಿರುತ್ತಿದ್ದವು. ಉಳಿದವು ಇಟ್ಟ ಮೊಟ್ಟೆಯಲ್ಲಿ ಅರ್ಧ ನನ್ನ ಚೀಲದಲ್ಲಿ ಗಜೇಂದ್ರಗಡಕ್ಕೆ ಬರುತ್ತಿತ್ತು. ಯಾರು ಕಳಿಸಿದ್ದು ಎಂದು ಅವ್ವ ಕೇಳುತ್ತಿರಲಿಲ್ಲ. "ಒಡೀದಂಗ ಇಡು" ಅನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಹಿತ್ತಲಲ್ಲಿ ಹದಿನಾಲ್ಕು ಕೋಳಿಗಳಿದ್ದವು. ಏಳಕ್ಕೆ ಚಿಂದಿ, ಏಳಕ್ಕೆ ಇಲ್ಲ. ಒಂದು ಮಧ್ಯಾಹ್ನ ನಾನು ಕೈ ತೊಳೆಯಲು ಹೋದಾಗ ಬೂದಿ ಬಣ್ಣದ ಹ್ಯಾಂಟಿ ರೆಕ್ಕೆ ಜೋಲು ಬಿಟ್ಟು, ಕಣ್ಣು ಮುಚ್ಚಿ, ಮೂಲೆಯಲ್ಲಿ ಕೂತಿತ್ತು. ಮುಂದೆ ಹಾಕಿದ ಜೋಳದ ನುಚ್ಚು ಹಾಗೇ ಇತ್ತು. ಸಂಜೆಗೆ ಸತ್ತಿತು. ಮರುದಿನ ಇನ್ನೆರಡು. ಅಂದಿನಿಂದ ದೊಡ್ಡವ್ವನ ಕಷಾಯ ಶುರುವಾಯಿತು. ಬೆಳ್ಳುಳ್ಳಿ ಆಯಿತು, ಮಜ್ಜಿಗೆ ಆಯಿತು, ಗೂಡಿಗೆ ಒಲೆಯ ಬೂದಿ ಆಯಿತು. ಕೋಳಿಗಳಿಗೆ ಗುಣವಾಗಲಿಲ್ಲ; ದೊಡ್ಡವ್ವನ ಹಳೆಯ ಕೆಮ್ಮು ಮಾತ್ರ ಹೇಳ ಹೆಸರಿಲ್ಲದೆ ಹೋಯಿತು!

ದನದ ದವಾಖಾನೆಯ ಡಾಕ್ಟರ್ ಮೇಡಂ ಬಂದು, ಕಣ್ಣು ಅಗಲಿಸಿ, ಕೊಕ್ಕು ಬಿಡಿಸಿ ನೋಡಿದರು. "ಕೊಕ್ಕರೆ ರೋಗ ಅನ್ನೂಣಂದ್ರ ಕುತ್ತಿಗಿ ತಿರುಚಿಲ್ಲ. ಖಾತ್ರಿ ಹೇಳಾಕ ಬರೂದಿಲ್ರಿ ಅಮ್ಮಾರ. ಸತ್ತದ್ದೊಂದು ಪರೀಕ್ಷಾಕ್ಕ ಕಳಸ್ತೀನಿ. ಅಲ್ಲೀಮಟ ಇಲ್ಲಿಂದ ಒಂದ ಕೋಳಿನೂ ಹೊರಗ ಹೋಗಬಾರ್ದು. ಮಾರಬ್ಯಾಡ್ರಿ, ತಿನಬ್ಯಾಡ್ರಿ. ಸತ್ತದ್ದನ್ನ ಆಳವಾಗಿ ಹುಗದು ಸುಣ್ಣ ಹಾಕ್ರಿ." ಪರೀಕ್ಷೆಗೆ ಹೋದ ಕೋಳಿ ಬಿಸಿಲಿಗೆ ದಾರಿಯಲ್ಲೇ ಕೆಟ್ಟು, ಉತ್ತರ ಬರಲೇ ಇಲ್ಲ. ದೊಡ್ಡವ್ವ ಗುಂಡಿ ತೋಡುತ್ತಾ ಹೋದಳು. ಒಂದೊಂದು ಗುಂಡಿಗೂ ಸುಣ್ಣದ ಜೊತೆ ಒಂದು ಹಿಡಿ ಜೋಳ. "ಹಸಕೊಂಡ ಹೋಗಬಾರ್ದು" ಎನ್ನುತ್ತಿದ್ದಳು. ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿಲ್ಲ. ಕಲ್ಲಿನಂಥ ಹೆಂಗಸು ಎಂದುಕೊಂಡೆ ನಾನು.

ಆದರೆ ಒಂದು ವಿಚಿತ್ರ ನೋಡಿ. ಐದು ದಿನದಲ್ಲಿ ಐದು ಸತ್ತವು; ಐದಕ್ಕೂ ಚಿಂದಿ ಇರಲಿಲ್ಲ! ಇದನ್ನು ಮೊದಲು ಗಮನಿಸಿದವಳು ಪಕ್ಕದ ಮನೆಯ ಹಸೀನಾಬಿ. ಅವಳಿಗೂ ನಾಲ್ಕು ಕೋಳಿ. ಗೋಡೆಯಾಚೆಯಿಂದ ಕೇಳಿದಳು, "ಅಕ್ಕಾ, ಕೆಂಪ ಚಿಂದಿ ಕಟ್ಟಿದ್ದು ಒಂದೂ ಸಾಯವಲ್ದು. ಆ ಚಿಂದಿಯಾಗ ಏನೈತಿ, ಖರೇ ಹೇಳು."

"ಸೀರಿ ಐತಿ," ಎಂದಳು ದೊಡ್ಡವ್ವ.

ಇಂಥ ಉತ್ತರ ಕೊಟ್ಟರೆ ಯಾರು ನಂಬುತ್ತಾರೆ? ಮುಚ್ಚಿಟ್ಟಿದ್ದಾಳೆ ಎಂದೇ ಓಣಿ ತೀರ್ಮಾನಿಸಿತು. ಎರಡು ದಿನದಲ್ಲಿ ಓಣಿಯ ಕೋಳಿಗಳ ಕಾಲಿಗೆಲ್ಲ ಕೆಂಪು ಬಟ್ಟೆ! ಯಾರದೋ ಹಳೆಯ ಕುಪ್ಪಸ, ಯಾರದೋ ಶಾಲೆಯ ರಿಬ್ಬನ್ನು. ಎರಡನೇ ಸಲ ಬಂದ ಡಾಕ್ಟರ್ ಮೇಡಂ ಓಣಿಯ ಬಾಯಲ್ಲೇ ನಿಂತು, "ಇದೇನ್ರಿ, ಕೋಳಿಗೆಲ್ಲಾ ಲಗ್ನ ಇಟ್ಟೀರೇನು?" ಎಂದರು. ಹಸೀನಾಬಿ ವಿವರಿಸಿದಳು. ಕಲಿತ ಡಾಕ್ಟರು ನಗುತ್ತಾರೆಂದು ನಾನು ಕಾದೆ. ಅವರು ದೊಡ್ಡವ್ವನ ಹಿತ್ತಲಿಗೆ ಬಂದು ಚಿಂದಿ ಕಟ್ಟಿದ ಕಾಲನ್ನು ಹಿಡಿದು ಬಹಳ ಹೊತ್ತು ನೋಡಿದರು.

ಏಳನೆಯದು ಸತ್ತ ದಿನ ಉಳಿದದ್ದು ಏಳು, ಏಳಕ್ಕೂ ಚಿಂದಿ. "ನಿಮ್ಮವ್ವನವು ಏಳೂ ಅದಾವು. ಹೋದವೆಲ್ಲಾ ನನ್ನವು," ಎಂದಳು ದೊಡ್ಡವ್ವ. ಅಷ್ಟರಲ್ಲಿ ಕರೀ ಹುಂಜ ಎಂದಿನಂತೆ ನನ್ನ ಹಿಮ್ಮಡಿ ಕುಕ್ಕಿತು. ನನಗೆ ಕೋಳಿ ಎಂದರೆ ಎಲ್ಲ ಒಂದೇ, ಗುರುತು ಹತ್ತುವುದಿಲ್ಲ. ಆದರೆ ಎರಡು ವರ್ಷದಿಂದ ದಿನಾ ನನ್ನ ಹಿಮ್ಮಡಿ ಕುಕ್ಕುವ ಈ ಹುಂಜವನ್ನು ಮರೆಯುವುದುಂಟೇ? ಇದು ದೊಡ್ಡವ್ವನ ಸ್ವಂತ ಹುಂಜ. ಇದರ ಕಾಲಿಗೆ ಎಂದೂ ಚಿಂದಿ ಇರಲಿಲ್ಲ. ಈಗ ಇತ್ತು!

"ದೊಡ್ಡವ್ವಾ, ಇದು ನಿಂದಲ್ಲೇನು?"

ಅವಳು ಸುಣ್ಣದ ಕೈ ಒರೆಸಿಕೊಂಡಳು. ನಂತರ ಎಲ್ಲ ಹೊರಬಂತು. ಮೊದಲು ಸತ್ತ ಆ ಬೂದಿ ಹ್ಯಾಂಟಿಯೇ ಅವ್ವನದು. ಚಿಂದಿ ಕಟ್ಟಿದ ಕೋಳಿ ಸತ್ತಾಗಲೆಲ್ಲ ದೊಡ್ಡವ್ವ ಅದರ ಕಾಲಿನ ಚಿಂದಿ ಬಿಚ್ಚಿ, ಬಿಸಿನೀರಲ್ಲಿ ಕುದಿಸಿ, ಒಣಗಿಸಿ, ತನ್ನ ಪಾಲಿನ ಬದುಕಿದ ಕೋಳಿಯ ಕಾಲಿಗೆ ಕಟ್ಟುತ್ತಿದ್ದಳು. "ಅಕಿ ನಂಬಿ ಕೊಟ್ಟಿದ್ದು. ನನ್ನ ಕೈಯಾಗ ಅಕೀ ಪಾಲು ಹ್ಯಾಂಗ ಸಾಯಬೇಕು? ಸಾಯೂದಿದ್ರ ನಂದು ಸಾಯ್ಲಿ. ನಿಮ್ಮವ್ವಗ ಹೇಳಬ್ಯಾಡ, ಇಟಗಿ ಭೀಮವ್ವನ ಆಣಿ." ಓಣಿಗೆ ಓಣಿಯೇ ನಂಬಿದ ಪವಾಡ ಇಷ್ಟು! ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮರುದಿನ ಮಧ್ಯಾಹ್ನ ಹೋದಾಗ ಒಲೆ ಹೊತ್ತಿರಲಿಲ್ಲ. ದೊಡ್ಡವ್ವ ಹಿತ್ತಲಲ್ಲಿ ಕೂತಿದ್ದಳು. ಮಡಿಲಲ್ಲಿ ಎಂಟನೆಯದು, ಕೈಯಲ್ಲಿ ಬಿಚ್ಚಿದ ಚಿಂದಿ. ಇನ್ನೂ ಆರು ಕೋಳಿ ಸುತ್ತಲೂ ಇದ್ದವು, ಆರಕ್ಕೂ ಚಿಂದಿ ಇತ್ತು.

"ಇನ್ನ ಯಾವ ಕಾಲಿಗೆ ಕಟ್ಟಲೋ ಯಪ್ಪಾ? ನನ್ನವು ಮುಗದೂವು. ನಿಮ್ಮವ್ವಗ ಏನ ಹೇಳಲಿ?" ಎಂದಳು.

ಆ ಸಂಜೆ ನಾನು ಆಣೆ ಮುರಿದೆ. ನಮ್ಮ ಕಡೆಯವರು ದೇವಿಯೆಂದು ಪೂಜಿಸುವ ಭೀಮವ್ವ ಕ್ಷಮಿಸಿರಬೇಕು, ಅವಳಿಗೂ ಅಕ್ಕ-ತಂಗಿಯರ ಸಂಗತಿ ತಿಳಿಯದ್ದೇನಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿದಳು. "ಒಂದ ಕೋಳಿ ತಂದು ತೋರಸಲೇನು, ನಿನಗ ಸಮಾಧಾನ ಆಗ್ಲಿ?" ಎಂದೆ. "ಡಾಕ್ಟರ್ ಬಾಯಾರು ಹೊರಗ ಒಯ್ಯಬಾರ್ದು ಅಂದಾರಲಾ. ಕೋಳಿ ಬರಬಾರ್ದು ಅಷ್ಟ. ನಾ ಹೋಗಬಾರ್ದು ಅಂತ ಅಂದಿಲ್ಲ," ಎಂದಳು ಅವ್ವ.

ಮುಂಜಾನೆಯ ಮೊದಲ ಬಸ್ಸಿಗೇ ಹೊರಟೆವು. ಒಂಬತ್ತು ವರ್ಷದ ಮೇಲೆ ಅವ್ವ ಆ ಮನೆಯ ಹೊಸ್ತಿಲು ದಾಟಿ, ನಿಲ್ಲದೆ ನೇರ ಹಿತ್ತಲಿಗೆ ನಡೆದಳು. ನುಚ್ಚು ಹಾಕುತ್ತಿದ್ದ ದೊಡ್ಡವ್ವ ತಲೆ ಎತ್ತಿದವಳು ಎತ್ತಿದಂತೆಯೇ ನಿಂತಳು. ಅವ್ವ ಕರೀ ಹುಂಜದ ಕಾಲಿನ ಗಂಟು ನೋಡಿದಳು.

"ಅಷ್ಟ ಚಲೋ ಸೀರಿ ಹರದೀ?"

"ಸುತ್ತಿ ಬಂದದ್ದಲಾ," ಎಂದಳು ದೊಡ್ಡವ್ವ, ಬೇರೆ ಕಡೆ ನೋಡುತ್ತಾ.

ಅವ್ವ ಕುಕ್ಕರಗಾಲಲ್ಲಿ ಕೂತು, ಹುಂಜ ಕುಕ್ಕಿದರೂ ಬಿಡದೆ, ಮೂರು ಕೋಳಿಗಳ ಕಾಲಿನ ಚಿಂದಿ ಬಿಚ್ಚಿದಳು. ಉಳಿದ ಮೂರಕ್ಕೆ ಹಾಗೇ ಬಿಟ್ಟಳು. "ಇವು ಮೂರು ನಿನ್ನವು. ಅವು ನನ್ನವು." ಆಮೇಲೆ ಬೇಲಿಯ ಬದಿಗೆ, ಸುಣ್ಣ ಹಾಕಿದ ಮಣ್ಣಿನ ಹತ್ತಿರ ಹೋಗಿ, ತಲೆಯ ಮೇಲೆ ಸೆರಗು ಹೊದ್ದು ನಿಂತಳು.

"ಎಷ್ಟು ಹುಗದೀ?"

"ಎಂಟು."

"ಅದರಾಗ ನಾಕು ನನ್ನವು. ಒಂಬತ್ತ ವರ್ಷ ಒಂದ ತತ್ತಿ ತಪ್ಪದಂಗ ಪಾಲ ಕೊಟ್ಟಿ, ಅಕ್ಕಾ. ಸತ್ತದ್ದರಾಗ ಯಾಕ ಕೊಡ್ಲಿಲ್ಲ? ಇದೊಂದು ನೀ ಒಬ್ಬಾಕಿನ ಯಾಕ ಹೊತ್ತಿ?"

ಎಂಟು ಗುಂಡಿ ತೋಡುವಾಗ ಒಂದು ಹನಿ ಹಾಕದಿದ್ದ ದೊಡ್ಡವ್ವ, ನುಚ್ಚಿನ ಬುಟ್ಟಿ ಕೆಳಗಿಟ್ಟು, ಗೋಡೆಯಾಚೆ ಹಸೀನಾಬಿ ಓಡಿ ಬರುವಷ್ಟು ದನಿ ತೆಗೆದು ಅತ್ತಳು. ಅವ್ವ ಅವಳನ್ನು ಹಿಡಿದುಕೊಂಡು ಅಲ್ಲೇ ಮಣ್ಣಲ್ಲಿ ಕೂತಳು. ಚೆಲ್ಲಿದ ನುಚ್ಚಿಗೆ ಆರೂ ಕೋಳಿಗಳು ಬಂದು ಇಬ್ಬರ ಸುತ್ತ ಮೇಯತೊಡಗಿದವು.